ಫೋನ್ ದೊಡ್ಡಮ್ಮನ ತೆರಿಗೆ ನಂಬರ್

ತಂಗಿಯ ಮಗಳು ಅವಳನ್ನು ಫೋನ್ ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಹುಟ್ಟಿದಾಗಿನಿಂದ ಮಗು ಅವಳನ್ನು ಕಂಡದ್ದೆಲ್ಲ ಅಂಗೈಯಗಲದ ಗಾಜಿನೊಳಗೇ ಆದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪರದೇಶದ ಆ ಮನೆಗೆ ಬಂದಿಳಿದು ವಾರವಾದ ಮೇಲೂ, ಎದುರಿಗೇ ಕೂತು ಬ್ರೆಡ್ಡಿನ ಅಂಚು ಬಿಡಿಸಿ ಕೊಡುತ್ತಿರುವಾಗಲೂ, ಮಗು "ಫೋನ್ ದೊಡ್ಡಮ್ಮ, ಇನ್ನೂ ಚಿಕ್ಕದಾಗಿ ಮಾಡು" ಎಂದಾಗ ದೊಡ್ಡವಳಿಗೆ ಎದೆಯಲ್ಲಿ ಚುರುಕ್ಕೆಂದಿತು.

"ಈಗ ಇಲ್ಲೇ ಇದ್ದೀನಲ್ಲ ಪುಟ್ಟಿ. ಬರೀ ದೊಡ್ಡಮ್ಮ ಅನ್ನು."

"ದೊಡ್ಡಮ್ಮ ಬೇರೆ ಇದ್ದಾರೆ," ಎಂದಿತು ಮಗು, ಬಾಯಲ್ಲಿ ಬ್ರೆಡ್ಡು ತುಂಬಿಕೊಂಡೇ. "ಕೆಳಗಡೆ. ಕತ್ತರಿ ಇದೆಯಲ್ಲ, ಅವ್ರು."

ಕತ್ತರಿ ಇರುವ ದೊಡ್ಡಮ್ಮನೆಂದರೆ ಅದೇ ಕಟ್ಟಡದ ಕೆಳಗೆ, ರಸ್ತೆಗೆ ಮುಖ ಮಾಡಿದ ಅಂಗಡಿಯಲ್ಲಿ ಪಾರ್ಲರ್ ನಡೆಸುವ ಹೆಂಗಸು. ಇವರ ಭಾಷೆಯವಳೇ. ಆ ಊರಿಗೆ ಬಂದು ಅರ್ಧ ಆಯಸ್ಸು ಕಳೆದವಳು, ಒಂಟಿ. ಚಿಕ್ಕವಳು ಹೊಸದಾಗಿ ಬಂದಾಗ ಔಷಧಿ ಅಂಗಡಿಯಲ್ಲಿ ಭಾಷೆ ಬಾರದೆ ಹಣೆ ಮುಟ್ಟಿ ತೋರಿಸುತ್ತ ನಿಂತಿದ್ದಳಂತೆ, ಸಾಲಿನಲ್ಲಿ ಹಿಂದಿದ್ದ ಈಕೆ "ಏನಮ್ಮ, ತಲೆನೋವಾ?" ಎಂದದ್ದೇ ಪರಿಚಯ. ಆಮೇಲೆ ಮನೆ ಹುಡುಕಿಕೊಟ್ಟಿದ್ದು, ಚಿಕ್ಕವಳ ಗಂಡ ಹಡಗಿನ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೋದಾಗ ಜೊತೆಗಿದ್ದದ್ದು ಎಲ್ಲ ಈಕೆಯೇ. ಬಾಣಂತನ ಮಾಡಿದ್ದೂ ಈಕೆಯೇ. ದೊಡ್ಡವಳು ಆಗ ಹಳೆಯ ಮೆತ್ತನೆ ಬಟ್ಟೆಗಳನ್ನು ಒಗೆದು ಮಡಿಸಿ ಪೆಟ್ಟಿಗೆ ಕಟ್ಟಿಕೊಂಡು ಕಾದದ್ದೇ ಬಂತು. ವೀಸಾ ಬರಲಿಲ್ಲ.

ಅವರ ತಾಯಿ ಬೇಗ ತೀರಿಹೋದದ್ದರಿಂದ ಚಿಕ್ಕವಳನ್ನು ಬೆಳೆಸಿದ್ದು ದೊಡ್ಡವಳು. ಸ್ನಾನ ಮಾಡಿಸಿದ್ದು, ಮಗ್ಗಿ ಹೇಳಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಒಂದು ಕಡೆಯಾದರೆ, ಆ ಜಡೆ ಒಂದು ಕಡೆ. ಸೊಂಟದ ತನಕ ಬರುವ ಜಡೆ. ದಿನಾ ಬೆಳಿಗ್ಗೆ ಸಿಕ್ಕು ಬಿಡಿಸಿ, ಎಣ್ಣೆ ಹಾಕಿ, ಎಳೆಎಳೆಯಾಗಿ ಹೆಣೆದು ಬೆಳೆಸಿದ ಜಡೆ. ವಿಮಾನ ನಿಲ್ದಾಣದಲ್ಲಿ ಚಿಕ್ಕವಳು ಓಡಿಬಂದು ತಬ್ಬಿಕೊಂಡಾಗ ದೊಡ್ಡವಳ ಕೈ ತಾನಾಗಿ ಅವಳ ಬೆನ್ನ ಮೇಲೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೂದಲು ಕಿವಿಯ ಕೆಳಗೇ ಮುಗಿದಿತ್ತು.

"ಯಾರೇ ಕತ್ತರಿಸಿದ್ದು?"

"ಪಾರ್ಲರ್ ಅಕ್ಕ. ಲ್ಯಾಬಲ್ಲಿ ಟೋಪಿ ಒಳಗೆ ತುರುಕೋಕೆ ಆಗ್ತಿರ್ಲಿಲ್ಲ. ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆ," ಎಂದಳು ದೊಡ್ಡವಳು. ಚೆನ್ನಾಗಿಯೇ ಇತ್ತು. ತಡೆದುಕೊಳ್ಳಲಾಗದೆ ಹೋದದ್ದು ಅದೇ.

ದೊಡ್ಡವಳು ಬಂದದ್ದು ನೋಡಿಕೊಂಡು ಹೋಗಲಿಕ್ಕಲ್ಲ, ಉಳಿಯಲಿಕ್ಕೆ. ಗಂಡ ತೀರಿಹೋದ ಮೇಲೂ ಕನ್ನಡಕದ ಅಂಗಡಿಯನ್ನು ಒಬ್ಬಳೇ ನಡೆಸಿದ್ದಳು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸಕ್ಕೆ ಅವಳ ಕಣ್ಣೇ ಸಾಲದಾದಾಗ ಅಂಗಡಿ ಮಾರಿದಳು. ಆ ದೇಶದಲ್ಲಿ ಸ್ವಂತ ಮನೆ ಕೊಂಡವರಿಗೆ ವರ್ಷವರ್ಷವೂ ಇರಲು ಅನುಮತಿ ಕೊಡುತ್ತಿದ್ದರು. ಅದೂ ಎಂಥ ಮನೆ ಸಿಕ್ಕಿತ್ತೆಂದರೆ, ತಂಗಿಯ ಮನೆಯ ಬಾಗಿಲಿಗೆ ಎದುರು ಬಾಗಿಲು. ಅಲ್ಲಿದ್ದವನು ಟ್ರಾಮ್ ಓಡಿಸಿ ನಿವೃತ್ತನಾದ ಮುದುಕ. ಸಮುದ್ರದ ಪಕ್ಕ ಮೀನು ಹಿಡಿಯುತ್ತ ಇರುತ್ತೇನೆಂದು ಖುಷಿಯಿಂದ ಪೆಟ್ಟಿಗೆ ಕಟ್ಟುತ್ತಿದ್ದ. ಮಗು ಅವನನ್ನು ಟ್ರಾಮ್ ತಾತ ಎನ್ನುತ್ತಿತ್ತು. ಎರಡು ಕೋಣೆ, ಒಂದು ಉದ್ದನೆಯ ಅಡುಗೆಮನೆ. ಅಡುಗೆಮನೆಯ ಕಿಟಕಿ ತೆಗೆದರೆ ಬಾವಿಯಂಥ ಒಳಅಂಗಳ, ಆಚೆ ಕಡೆ ತಂಗಿಯ ಅಡುಗೆಮನೆಯ ಕಿಟಕಿ. ಮೊದಲ ದಿನ ದೊಡ್ಡವಳು ಆ ಕಿಟಕಿಯಲ್ಲಿ ನಿಂತಾಗ ಆಚೆ ಮಗು ಸ್ಟೂಲಿನ ಮೇಲೆ ಹತ್ತಿ ನಾಲಗೆ ಚಾಚಿ ತೋರಿಸಿತ್ತು. ಅಷ್ಟು ಸಾಕಾಯಿತು ಅವಳಿಗೆ. ಗೋಡೆಯ ತೇವ, ಸೋರುವ ನಲ್ಲಿ ಯಾವುದನ್ನೂ ಆಮೇಲೆ ನೋಡಲಿಲ್ಲ.

ಇನ್ನೊಬ್ಬ ಗಿರಾಕಿಯೂ ಇದ್ದ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರಿಗೆ ಕ್ಲಿನಿಕ್ ಮಾಡಲು ಅದೇ ಮನೆ ಬೇಕಿತ್ತು. ಟ್ರಾಮ್ ತಾತ ಕೈ ಜೋಡಿಸುವಂತೆ ಮಾಡಿ, "ಶುಕ್ರವಾರದ ತನಕ ಕಾಯ್ತೀನಿ. ಶುಕ್ರವಾರ ನೋಟರಿ ಹತ್ರ ಬನ್ನಿ. ಬರದಿದ್ರೆ ಡಾಕ್ಟರಿಗೆ," ಎಂದಿದ್ದ. ಚಿಕ್ಕವಳು ಅದನ್ನು ಅನುವಾದ ಮಾಡಿ ಹೇಳಿದಳು. ಕ್ರಯಪತ್ರ ಬರೆಯುವ ನೋಟರಿಯೋ, ತೆರಿಗೆ ನಂಬರ್ ಇಲ್ಲದವರ ಹೆಸರಿನಲ್ಲಿ ಒಂದು ಸಾಲು ಕೂಡ ಬರೆಯುವ ಹಾಗಿಲ್ಲ ಎಂದಿದ್ದ. ಹೊರದೇಶದವರು ಏನು ಕೊಳ್ಳಬೇಕಾದರೂ ಮೊದಲು ತೆರಿಗೆ ಕಚೇರಿಗೆ ಹೋಗಿ ಆ ನಂಬರ್ ತರಬೇಕು.

"ಅಷ್ಟೇ ತಾನೇ. ಹೋಗಿ ತರೋಣ," ಎಂದಿದ್ದಳು ದೊಡ್ಡವಳು.

"ಅಷ್ಟೇ ಅಲ್ಲಕ್ಕ. ನೀನು ಇನ್ನೂ ಇಲ್ಲಿ ಇರೋಳಲ್ಲ ಅಲ್ವಾ, ಅದಕ್ಕೆ ಇಲ್ಲಿ ಕಾಯಂ ಇರೋರು ಒಬ್ರು ನಿನ್ ಜೊತೆ ಬಂದು ಜವಾಬ್ದಾರಿ ಸಹಿ ಹಾಕ್ಬೇಕು. ಕಚೇರಿಯಿಂದ ನಿಂಗೆ ಏನೇ ಪತ್ರ ಬಂದ್ರೂ ಅವ್ರ ಮನೆಗೆ ಬರುತ್ತೆ. ನೀನು ಕಟ್ಟೋದು ಮರೆತ್ರೆ ಅವ್ರನ್ನ ಕೇಳ್ತಾರೆ."

"ನೀನಿದ್ದೀಯಲ್ಲ."

"ನಂದು ಎರಡು ವರ್ಷಕ್ಕೊಂದ್ಸಲ ಬದಲಾಯಿಸೋ ಪರ್ಮಿಟ್ಟು. ನಾನು ಲೆಕ್ಕಕ್ಕಿಲ್ಲ." ಚಿಕ್ಕವಳು ಮಗುವಿನ ಕಾಲುಚೀಲ ಹುಡುಕುತ್ತ ಹೇಳಿದಳು, ಅದೇನೂ ದೊಡ್ಡ ಮಾತಲ್ಲವೆಂಬಂತೆ: "ಪಾರ್ಲರ್ ಅಕ್ಕ ಹಾಕ್ತಾರೆ ಬಿಡು."

ದೊಡ್ಡವಳು ಕೈಯಲ್ಲಿದ್ದ ಇನ್ನೊಂದು ಕಾಲುಚೀಲವನ್ನು ಮಗುಚಿ, ಮತ್ತೆ ಮಗುಚಿ, ಸರಿ ಮಾಡಿದಳು. ತನ್ನ ತಂಗಿಯ ಎದುರುಮನೆಯಲ್ಲಿ ಇರುವುದಕ್ಕೆ ಆ ಪಾರ್ಲರಿನವಳ ಹಂಗು ಬೇಕು.

ಹಂಗಿನ ಮಾತು ಬಿಟ್ಟರೂ ಸಣ್ಣಪುಟ್ಟದ್ದು ಬೇಕಾದಷ್ಟಿತ್ತು. ಪಾರ್ಲರಿನಾಕೆ ಕದ ತಟ್ಟುತ್ತಿರಲಿಲ್ಲ. ಅಡುಗೆಮನೆಗೆ ಬಂದರೆ ಬೆಳಕಿನ ಗುಂಡಿಯನ್ನು ನೋಡದೆಯೇ ಒತ್ತುತ್ತಿದ್ದಳು. ದೊಡ್ಡವಳು ಬಂದ ಮರುದಿನವೇ ಕಪಾಟನ್ನೆಲ್ಲ ಒರೆಸಿ ಉಪ್ಪಿನ ಡಬ್ಬಿಯನ್ನು ಒಲೆಯ ಎಡಕ್ಕೆ ಇಟ್ಟಳು, ಅವರ ತಾಯಿ ಇಡುತ್ತಿದ್ದ ಹಾಗೆ. ಸಂಜೆ ಪಾರ್ಲರಿನಾಕೆ ಬಂದು, ಚಿಕ್ಕವಳೊಡನೆ ಮಾತಾಡುತ್ತಲೇ, ಅದನ್ನು ಎತ್ತಿ ಬಲಕ್ಕೆ ಇಟ್ಟಳು. ಬೇಕೆಂದೇ ಮಾಡಿದ್ದರೆ ಜಗಳಕ್ಕಾದರೂ ಒಂದು ದಾರಿಯಿತ್ತು. ಅವಳ ಕೈ ಅದನ್ನು ಅಭ್ಯಾಸಬಲದಿಂದ ಮಾಡಿತ್ತು. ಆ ಅಭ್ಯಾಸವನ್ನು ಕಂಡೇ ದೊಡ್ಡವಳಿಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು. ಮಗು ಹಲ್ಲುಜ್ಜುವುದಕ್ಕೆ ಹಟ ಮಾಡಿದರೆ ಯಾವ ಹಾಡು ಹೇಳಬೇಕೆಂದು ಆಕೆಗೆ ಗೊತ್ತಿತ್ತು. ಚಿಕ್ಕವಳ ಮುಖ ನೋಡಿಯೇ "ಇವತ್ತು ಲ್ಯಾಬಲ್ಲಿ ಯಾರ ಹತ್ರ ಬೈಸ್ಕೊಂಡೆ?" ಎಂದು ಕೇಳುತ್ತಿದ್ದಳು. ಹಾಗೆ ಕೇಳಬೇಕಾದವಳು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತ ನಿಂತಿರುತ್ತಿದ್ದಳು.

ಮಂಗಳವಾರ ದೊಡ್ಡವಳು ತರಕಾರಿ ತರುತ್ತೇನೆಂದು ಹೊರಟು, ಮುಖ್ಯರಸ್ತೆಯ ಏಜೆಂಟನ ಹತ್ತಿರ ಹೋದಳು. ದುಡ್ಡು ತೆಗೆದುಕೊಂಡು ಹೊರದೇಶದವರಿಗೆ ಜವಾಬ್ದಾರಿ ಸಹಿ ಹಾಕುವುದೇ ಅವನ ಕಸುಬೆಂದು ಚಿಕ್ಕವಳು ಯಾವಾಗಲೋ ಹೇಳಿದ್ದಳು. ಅವನು ಫೋನಿನ ಅನುವಾದ ಯಂತ್ರಕ್ಕೆ ಮಾತಾಡಿ ಅದನ್ನು ಅವಳ ಮುಖದ ಮುಂದೆ ಹಿಡಿದ. ಆಗುತ್ತದೆ, ಆದರೆ ಮೂರು ವಾರ. ಅದಕ್ಕಿಂತ ಬೇಗ ಬೇಕಾದರೆ ಪರಿಚಯದವರನ್ನು ಕರೆದುಕೊಂಡು ಹೋಗಿ. ಅವಳು ಒಂದು ಹೂಕೋಸು ಕೊಂಡು ಮನೆಗೆ ಬಂದಳು.

ಅವತ್ತೇ ಸಂಜೆ ಪಾರ್ಲರಿನಾಕೆ ಅಂಗಡಿ ಮುಚ್ಚಿ ಮೇಲೆ ಬಂದಳು. ತೋಳಿನ ಮೇಲೆ ಯಾರದೋ ಕಂದು ಕೂದಲ ಚೂರುಗಳಿದ್ದವು. ಬಚ್ಚಲಲ್ಲಿ ಚಿಕ್ಕವಳು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ನೀರಿನ ಸದ್ದು, ಮಗುವಿನ ಕಿರುಚಾಟ.

"ಗುರುವಾರ ತಾನೇ ನಿಮ್ದು ತೆರಿಗೆ ಕಚೇರಿ?" ಎಂದಳು ಆಕೆ. "ನಾನು ಬರ್ಲಾ?"

ಅವರು ಬೆಳೆದ ಮನೆಗಳಲ್ಲಿ ಇದಕ್ಕೆ ಒಂದು ಕ್ರಮವಿತ್ತು. ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು. ಕೇಳಿದವರು ಮತ್ತೆ ಕೇಳಬೇಕು. ಆಗ ಸಂಕೋಚಪಡಬೇಕು. ಮತ್ತೂ ಒತ್ತಾಯ ಮಾಡಿದಾಗ, ನೀವು ಇಷ್ಟು ಹೇಳ್ತೀರಂದ್ರೆ ಎಂದು ಒಪ್ಪಿಕೊಳ್ಳಬೇಕು. ಒಂದೇ ಸಲಕ್ಕೆ ಹೂಂ ಎಂದವರನ್ನು ಬರಗೆಟ್ಟವರೆಂದು ತಿಳಿಯುತ್ತಿದ್ದರು.

"ಅಯ್ಯೋ, ನಿಮಗ್ಯಾಕೆ ತೊಂದ್ರೆ," ಎಂದಳು ದೊಡ್ಡವಳು. "ಅಂಗಡಿ ಬಿಟ್ಟು ಬರ್ಬೇಕಾಗುತ್ತೆ. ಬೇಡ ಬಿಡಿ."

ಎಂದವಳೇ ಹೂಕೋಸು ಬಿಡಿಸುತ್ತ, ಎರಡನೆಯ ಮಾತಿಗೆ ಕಾದಳು.

ಪಾರ್ಲರಿನಾಕೆ ಅವಳನ್ನು ಒಂದು ಗಳಿಗೆ ನೋಡಿದಳು. ತೋಳಿನ ಮೇಲಿನ ಕೂದಲನ್ನು ಸಿಂಕಿನೊಳಕ್ಕೆ ಕೊಡವಿದಳು.

"ಸರಿ ಹಾಗಾದ್ರೆ," ಎಂದಳು. "ಗುರುವಾರ ನಂಗೂ ಬೆಳಿಗ್ಗೆಯಿಂದ ಗಿರಾಕಿಗಳಿದ್ದಾರೆ."

ಅಷ್ಟೇ. ಹೂಕೋಸಿನ ತುಂಡು ದೊಡ್ಡವಳ ಕೈಯಲ್ಲೇ ಉಳಿಯಿತು. ಒಂದು ಸಲವಾದರೂ ಬಲವಂತ ಮಾಡಬಾರದೇ? ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ನಾಚಿಕೆಯಾಗುವಷ್ಟು ಹಗುರವೂ ಆಯಿತು. ಹಂಗು ತಪ್ಪಿತು. ತಪ್ಪಿದ್ದು ಹಂಗು ಮಾತ್ರವಲ್ಲ, ಮನೆಯೂ, ಎಂಬುದು ಗೊತ್ತಿದ್ದರೂ ಅವಳು ತಂಗಿಗೆ ಹೇಳಲಿಲ್ಲ. ಬುಧವಾರ ಆಕೆ ಮತ್ತೆ ಕೇಳುತ್ತಾಳೆ, ಕೇಳದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡಳು. ಬುಧವಾರ ಆಕೆ ಮೇಲೆ ಬರಲೇ ಇಲ್ಲ. ಗುರುವಾರ ನೇರ ಕಚೇರಿಗೇ ಬಂದುಬಿಡಬಹುದು ಎಂದು ಸಮಾಧಾನ ಹೇಳಿಕೊಂಡಳು. ತಂಗಿಯೂ ಹಾಗೆಯೇ ತಿಳಿದಿದ್ದಳು, ಆದರೆ ಅವಳಿಗೆ ಈ ಮಾತುಕತೆ ಗೊತ್ತಿರಲಿಲ್ಲ.

ತೆರಿಗೆ ಕಚೇರಿಯಲ್ಲಿ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ಕೌಂಟರಿನಲ್ಲಿದ್ದ ಹುಡುಗಿಗೆ ನೆಗಡಿ. ಪಾಸ್‌ಪೋರ್ಟು ನೋಡಿದಳು, ಮನೆ ಮಾರುವವನ ಪತ್ರ ನೋಡಿದಳು, ಮೂಗು ಒರೆಸಿಕೊಂಡು ಏನೋ ಕೇಳಿದಳು.

"ಜವಾಬ್ದಾರಿ ಸಹಿ ಹಾಕೋರು ಎಲ್ಲಿ ಅಂತಿದ್ದಾಳೆ," ಎಂದು ಚಿಕ್ಕವಳು ಬಾಗಿಲ ಕಡೆ ನೋಡಿದಳು. "ಟ್ರಾಮ್ ತಡ ಆಯ್ತೋ ಏನೋ." ಫೋನ್ ಮಾಡಿದಳು. ಆಕಡೆಯ ಮಾತು ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಾಯಿತು. ಫೋನ್ ಇಟ್ಟು, ಅಕ್ಕನ ಕಡೆ ತಿರುಗಿದಳು.

"ನೀನು ಬೇಡ ಅಂದ್ಯಂತೆ."

"ಬಾಯಿಮಾತಿಗೆ ಅಂದೆ ಕಣೇ. ಇನ್ನೊಂದ್ಸಲ ಕೇಳ್ತಾಳೆ ಅಂದ್ಕೊಂಡೆ."

"ಅಕ್ಕಾ, ಅವ್ರು ಇಲ್ಲಿಗೆ ಬಂದು ಎಷ್ಟು ಕಾಲ ಆಯ್ತು. ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ. ನಾನೇ ಮೊದ್ಲು ಬಂದಾಗ ಊಟಕ್ಕೆ ಕರೆದ ಕಡೆಯೆಲ್ಲ ಬೇಡ ಬೇಡ ಅಂದು ಹಸ್ಕೊಂಡು ಬಂದಿದ್ದೀನಿ."

ಕೌಂಟರಿನ ಹುಡುಗಿ ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದಳು. ಮಧ್ಯಾಹ್ನ ಕಚೇರಿ ಮುಚ್ಚುತ್ತದೆ. ಅಷ್ಟರೊಳಗೆ ಆ ವ್ಯಕ್ತಿಯನ್ನು ಕರೆತಂದರೆ ಹೊಸ ಟೋಕನ್ ಬೇಡ. ಇಲ್ಲದಿದ್ದರೆ ಮುಂದಿನ ತಿಂಗಳು.

"ಇನ್ನೊಂದ್ಸಲ ಫೋನ್ ಮಾಡಿ ಬರ್ಬೇಕಂತೆ ಅನ್ನು," ಎಂದಳು ದೊಡ್ಡವಳು.

"ನಾನು ಅನ್ನಲ್ಲ. ಬೇಡ ಅಂದಿದ್ದು ನೀನು." ಚಿಕ್ಕವಳು ಚೀಲ ಹೆಗಲಿಗೇರಿಸಿದಳು. ಅವಳಿಗೆ ಲ್ಯಾಬಿಗೆ ಹೊತ್ತಾಗಿತ್ತು. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತು, ಧ್ವನಿ ಇಳಿಸಿ ಹೇಳಿದಳು: "ನಂಗೇನೂ ಕಾಣ್ಸಲ್ಲ ಅಂದ್ಕೊಂಡಿದ್ದೀಯ? ಉಪ್ಪಿನ ಡಬ್ಬಿ ದಿನಾ ಆ ಕಡೆ ಈ ಕಡೆ ಓಡಾಡ್ತಿದೆ. ಹೋಗಿ ಕೇಳಕ್ಕ. ನೀನು ಎದುರುಮನೇಲಿ ಇದ್ರೆ ನಂಗೆ ಎಷ್ಟು ಬಲ ಅಂತ ನಿಂಗೆ ಗೊತ್ತಿಲ್ಲ."

ಟ್ರಾಮಿನಲ್ಲಿ ದೊಡ್ಡವಳು ಕೇಳಬೇಕಾದ ಮಾತನ್ನು ನಾನಾ ರೀತಿಯಲ್ಲಿ ಹೊಂದಿಸಿಕೊಂಡಳು. ಯಾವುದೂ ಸರಿಬರಲಿಲ್ಲ. ಮದುವೆಯಾಗುವಾಗಲೂ, ಅಂಗಡಿಗೆ ಸಾಲ ಕೇಳುವಾಗಲೂ ಅವಳ ನಾಲಗೆ ಇಷ್ಟು ಒಣಗಿರಲಿಲ್ಲ.

ಪಾರ್ಲರಿನಲ್ಲಿ ಎರಡೇ ಕುರ್ಚಿ. ಒಂದರಲ್ಲಿ ದಪ್ಪ ಕನ್ನಡಕದ ವಯಸ್ಸಾದ ಹೆಂಗಸೊಬ್ಬಳು ತಲೆತುಂಬ ಬಣ್ಣ ಮೆತ್ತಿಸಿಕೊಂಡು, ಕತ್ತಿಗೆ ಟವೆಲ್ ಸುತ್ತಿಕೊಂಡು ಪತ್ರಿಕೆ ಓದುತ್ತಿದ್ದಳು. ಪಾರ್ಲರಿನಾಕೆ ಬಣ್ಣದ ಬಟ್ಟಲು ತೊಳೆಯುತ್ತಿದ್ದಳು. ಕನ್ನಡಿಯಲ್ಲಿ ದೊಡ್ಡವಳನ್ನು ನೋಡಿದಳು, ತಿರುಗಲಿಲ್ಲ.

"ಬನ್ನಿ. ಕೂತ್ಕೊಳ್ಳಿ."

ಖಾಲಿ ಕುರ್ಚಿ ಒಂದೇ ಇತ್ತು, ಕನ್ನಡಿಯ ಮುಂದಿನದು. ದೊಡ್ಡವಳು ಅದರಲ್ಲೇ ಕೂತಳು. ಎದುರಿಗೆ ತನ್ನ ಮುಖ, ಅದರ ಹಿಂದೆ ಆಕೆಯ ಮುಖ.

"ಬೇಡ ಅಂದಿದ್ದು ನಂದು ತಪ್ಪಾಯ್ತು," ಎಂದಳು. "ಸುಮ್ನೆ ಬಾಯಿಮಾತಿಗೆ ಅಂದಿದ್ದು. ನಿಮಗೆ ಈ ಊರಿನ ರೂಢಿ ಆಗೋಗಿದೆ, ನಾನು ಅದನ್ನ ಯೋಚ್ನೆ ಮಾಡ್ಲಿಲ್ಲ."

ಪಾರ್ಲರಿನಾಕೆ ನಲ್ಲಿ ನಿಲ್ಲಿಸಿದಳು. ಬಟ್ಟಲನ್ನು ಬೋರಲು ಹಾಕಿದಳು.

"ರೂಢಿ ಏನೂ ಆಗಿಲ್ಲ," ಎಂದಳು. "ನೀವು ಬಾಯಿಮಾತಿಗೆ ಅಂದಿದ್ದು ಅಂತ ನಂಗೆ ಆಗಲೇ ಗೊತ್ತಿತ್ತು. ನಾನೂ ಅಂಥದೇ ಮನೇಲಿ ಹುಟ್ಟಿದೋಳಲ್ವಾ. ನಮ್ಮಮ್ಮ ಐದು ಸಲ ಕೇಳಿಸ್ಕೋತಿದ್ಲು."

ದೊಡ್ಡವಳು ಕುರ್ಚಿಯಲ್ಲೇ ತಿರುಗಿದಳು. "ಗೊತ್ತಿದ್ದೂ ಸರಿ ಹಾಗಾದ್ರೆ ಅಂದ್ರಾ?"

"ಅಂದೆ."

"ಯಾಕೆ?"

"ಯಾಕೆ ಅಂದ್ರೆ?" ಆಕೆ ಕೈಗವಸು ಕಳಚಿದಳು, ಬೆರಳುಗಳು ನೀರಿಗೆ ನೆನೆದು ಬಿಳುಚಿದ್ದವು. "ಮಗು ಹುಟ್ಟಿದ ದಿನದಿಂದ ಈ ಕೈಯಲ್ಲಿ ಎತ್ಕೊಂಡಿದ್ದೀನಿ. ನೀವು ಬರ್ತೀರ ಅಂತ ಗೊತ್ತಾದಾಗಿಂದ ನಿಮ್ಮ ತಂಗಿ ಬಾಯಲ್ಲಿ ಬೇರೆ ಮಾತಿಲ್ಲ. ಅಕ್ಕ ಬಂದ್ರೆ ಹಾಗೆ, ಅಕ್ಕ ಬಂದ್ರೆ ಹೀಗೆ. ನಾನು ಮಾಡಿದ ಸಾರಿಗೂ ಅಕ್ಕನ ಕೈರುಚಿ ಬೇರೆ ಅಂತಾಳೆ. ಎದುರುಮನೇಗೆ ನೀವು ಬಂದ್ಮೇಲೆ ನಾನು ಯಾವ ಮೂಲೆ ಹೇಳಿ? ನನ್ನ ಕೈಯಲ್ಲೇ ಸಹಿ ಹಾಕಿ ನಿಮ್ಮನ್ನ ಕೂರಿಸ್ಬೇಕು ಬೇರೆ."

ದೊಡ್ಡವಳಿಗೆ ನಗು ಬರುವ ಹಾಗಾಯಿತು, ಬಂದದ್ದು ನಗುವಲ್ಲ. ವಾರದಿಂದ ತನ್ನೊಳಗೆ ಇದ್ದ ಮಾತನ್ನೇ ಇನ್ನೊಬ್ಬರು ಹೇಳುತ್ತಿರುವುದು ಕೇಳಲು ಚೆನ್ನಾಗಿರಲಿಲ್ಲ.

"ನೀವು ಬಾಣಂತನ ಮಾಡಿದ್ರಿ," ಎಂದಳು ಮೆಲ್ಲಗೆ. "ಆ ಮೂರು ತಿಂಗಳು ನಂಗೆ ಅನ್ನ ಸೇರ್ತಿರ್ಲಿಲ್ಲ. ಇವಳು ಫೋನ್ ಮಾಡಿದಾಗೆಲ್ಲ ಹಿಂದೆ ನಿಮ್ಮ ಧ್ವನಿ ಕೇಳೋದು. ಮಗು ಅಳು ನಿಲ್ಸಿದ್ರೆ, ನಿಮ್ಮಿಂದ ನಿಲ್ಲದೇ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಅನ್ಸೋದು ನಂಗೆ. ಅಂಥ ಪಾಪಿ ನಾನು."

"ಅಯ್ಯೋ, ನಿಮ್ಮನ್ನ ಫೋನ್ ದೊಡ್ಡಮ್ಮ ಅಂತ ಕರೀ ಅಂತ ಹೇಳ್ಕೊಟ್ಟಿದ್ದು ನಾನೇ," ಎಂದಳು ಪಾರ್ಲರಿನಾಕೆ.

ಆಕೆ ಕಣ್ಣು ತಪ್ಪಿಸಿ, ಕನ್ನಡಿಯ ಮುಂದಿನ ಬಾಚಣಿಗೆಗಳನ್ನು ಸಾಲಾಗಿ ಜೋಡಿಸತೊಡಗಿದಳು.

"ಜಡೆ ಕತ್ತರಿಸಿದ್ದೂ ಬೇಕಂತಲೇನಾ?"

"ಅದು ಇಲ್ಲ. ಅದು ಅವಳೇ ಹಟ ಹಿಡಿದಿದ್ದು. ನಂಗೇ ಕೈ ಬರ್ಲಿಲ್ಲ, ಎರಡು ದಿನ ಮುಂದೆ ಹಾಕಿದೆ. ಅಷ್ಟು ಚೆನ್ನಾಗಿ ಬೆಳೆಸಿದ ಕೂದಲು ಈ ಊರಲ್ಲಿ ಯಾರ ತಲೇಲೂ ನೋಡಿಲ್ಲ ನಾನು."

ಗೋಡೆಯ ಪಕ್ಕ ಇಟ್ಟಿದ್ದ ಪುಟ್ಟ ಗಂಟೆ ಕಿಣಿಕಿಣಿ ಎಂದಿತು. ಬಣ್ಣದ ಹೊತ್ತು ಮುಗಿದಿತ್ತು. ಪಾರ್ಲರಿನಾಕೆ ಗಿರಾಕಿಯನ್ನು ಎಬ್ಬಿಸಿ ಸಿಂಕಿನ ಹತ್ತಿರ ಕೂರಿಸಿ ತಲೆ ತೊಳೆಯಲು ಶುರುಮಾಡಿದಳು. ದೊಡ್ಡವಳು ಎದ್ದು, ಕೇಳದೆಯೇ, ಕಪಾಟಿನಿಂದ ಒಣ ಟವೆಲ್ ತಂದು ಹಿಡಿದು ನಿಂತಳು. ಗೋಡೆಯ ಗಡಿಯಾರದ ಕಡೆ ನೋಡಬಾರದೆಂದುಕೊಂಡರೂ ನೋಡಿದಳು.

"ಬರ್ತೀರಾ?" ಎಂದಳು. "ನಾನು ಕೇಳ್ತಿದ್ದೀನಿ. ಬೇಡ ಅಂದ್ರೆ ಇನ್ನೂ ಕೇಳ್ತೀನಿ."

ಪಾರ್ಲರಿನಾಕೆ ಗಿರಾಕಿಯ ತಲೆಗೆ ನೀರು ಬಿಡುತ್ತಲೇ ಇದ್ದಳು. ಕಂದು ನೀರು ತಿಳಿಯಾಗುತ್ತ ಬಂತು.

"ಆ ಹಲ್ಲಿನ ಡಾಕ್ಟರ್ ಬಂದ್ರೆ ದಿನವಿಡೀ ಗರಗರ ಅಂತ ಕೊರೀತಾನೆ," ಎಂದಳು ಕೊನೆಗೆ. "ಮಗು ಹೆದ್ರುತ್ತೆ."

"ಹೆದ್ರುತ್ತೆ," ಎಂದಳು ದೊಡ್ಡವಳು ತಕ್ಷಣ.

"ಆದ್ರೆ ಶನಿವಾರ ಮಗು ನಂದು."

"ಶನಿವಾರ ಪೂರ್ತಿನಾ?"

"ಪೂರ್ತಿ. ಇಲ್ಲಿ ಕೂತು ಗಿರಾಕಿಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಂಚುತ್ತೆ. ಅದಕ್ಕೂ ಇಷ್ಟ."

"ಮಧ್ಯಾಹ್ನದ ಊಟಕ್ಕೆ ಕಳಿಸ್ಬೇಕು."

"ಊಟ ನಾನೇ ಹಾಕ್ತೀನಿ. ಇಷ್ಟು ವರ್ಷ ಉಪವಾಸ ಕೆಡವಿದ್ನಾ?"

"ಹಾಗಲ್ಲ. ಊಟ ಆದ್ಮೇಲೆ ಮಲಗ್ಬೇಕಲ್ಲ. ಇಲ್ಲಿ ಈ ಡ್ರೈಯರ್ ಸದ್ದಲ್ಲಿ ಎಲ್ಲಿ ಮಲಗುತ್ತೆ?"

"ನಿದ್ದೆ ನಿಮ್ಗೆ ಬಿಟ್ಟೆ," ಎಂದಳು ಪಾರ್ಲರಿನಾಕೆ, ದೊಡ್ಡ ದಾನ ಮಾಡಿದವಳ ಹಾಗೆ. "ಸ್ಕೂಲಿಂದ ಕರ್ಕೊಂಡು ಬರೋದು?"

"ಅದು ನಾನು. ದಿನಾ."

"ದಿನಾ ಆಗಲ್ಲ. ಸೋಮವಾರ ನಂಗೆ ಅಂಗಡಿ ರಜ."

"ಸೋಮವಾರ ನೀವು. ಸರಿ."

ಸಿಂಕಿನಲ್ಲಿ ಕುತ್ತಿಗೆ ಇಟ್ಟಿದ್ದ ಗಿರಾಕಿ ಆ ಊರ ಭಾಷೆಯಲ್ಲಿ ಏನೋ ಹೇಳಿದಳು. ಪಾರ್ಲರಿನಾಕೆ ನಕ್ಕಳು.

"ಏನಂತೆ?"

"ಅವ್ರಿಗೆ ಒಂದು ಅಕ್ಷರ ಅರ್ಥ ಆಗಿಲ್ಲ. ಆದ್ರೂ ನೀವಿಬ್ರೂ ಮಗುವಿಗೆ ಜಗಳ ಆಡ್ತಿದ್ದೀರಾ ಅಂತ ಕೇಳ್ತಿದ್ದಾರೆ. ಎಲ್ಲಿಗೋ ಅವಸರ ಇದ್ದಂಗಿದೆ, ಹೋಗಿ ಬನ್ನಿ, ಕೂದಲು ಮನೇಲೇ ಒಣಗಿಸ್ಕೋತೀನಿ ಅಂತಿದ್ದಾರೆ."

ಕಚೇರಿಯ ಬಾಗಿಲನ್ನು ಆಗಲೇ ಅರ್ಧ ಎಳೆದಿದ್ದರು. ಕಾವಲಿನವನು ಪಾರ್ಲರಿನಾಕೆಯನ್ನು ಗುರುತು ಹಿಡಿದು ತಲೆಯಾಡಿಸಿದ. ಅವನ ಕೂದಲೂ ಅವಳ ಕೈಯದೇ ಇರಬೇಕು. ಕೌಂಟರಿನ ಹುಡುಗಿ ಚೀಲ ಮುಚ್ಚುತ್ತಿದ್ದವಳು ಮತ್ತೆ ಕೂತಳು. ಪಾರ್ಲರಿನಾಕೆ ಅವಳ ನೆಗಡಿಯ ಬಗ್ಗೆ ಏನೋ ಹೇಳಿದಳು, ಹುಡುಗಿ ನಕ್ಕಳು. ಬೆಳಿಗ್ಗೆಯಿಂದ ಆ ಮುಖದಲ್ಲಿ ನಗು ಇತ್ತೆಂದೇ ದೊಡ್ಡವಳಿಗೆ ಗೊತ್ತಿರಲಿಲ್ಲ. ಹೀಗೆ ಎರಡು ಮಾತಿನಲ್ಲಿ ಯಾರನ್ನಾದರೂ ನಗಿಸುವ ಈ ಹೆಂಗಸಿನ ಮೇಲೆ ಅವಳಿಗೆ ಮತ್ತೆ ಉರಿಯಿತು, ಆದರೆ ಈ ಉರಿಗೆ ಮೊದಲಿನ ಬಿಸಿ ಇರಲಿಲ್ಲ.

ಹುಡುಗಿ ಕಾಗದದ ಮೇಲೆ ಬೆರಳಿಟ್ಟು ಗಂಭೀರವಾಗಿ ಏನೋ ಓದಿ ಹೇಳಿದಳು.

"ನೀವು ತೆರಿಗೆ ಕಟ್ದೇ ಇದ್ರೆ ನನ್ನನ್ನ ಹಿಡ್ಕೋತಾರಂತೆ," ಎಂದಳು ಪಾರ್ಲರಿನಾಕೆ. "ನಿಮ್ಮ ಪತ್ರ ಎಲ್ಲ ನನ್ನ ಅಂಗಡಿಗೇ ಬರುತ್ತಂತೆ. ನೀವು ಇಲ್ಲಿ ಕಾಯಂ ಆಗೋ ತನಕ. ಗೊತ್ತಲ್ವಾ ಅಂತ ಕೇಳ್ತಿದ್ದಾಳೆ."

"ನೀವು ಏನಂದ್ರಿ?"

"ಗೊತ್ತು ಅಂದೆ. ಇವ್ರು ಕಟ್ಟೋರೇ ಅಂತಲೂ ಅಂದೆ. ಕಟ್ತೀರಿ ತಾನೇ?"

"ಕನ್ನಡಕದ ಅಂಗಡಿ ನಡೆಸಿದೋಳು ನಾನು. ಒಂದು ದಿನ ಬಾಕಿ ಇಟ್ಟಿಲ್ಲ."

ಇಬ್ಬರೂ ಸಹಿ ಹಾಕಿದರು. ಯಂತ್ರ ಒಂದು ಹಾಳೆಯನ್ನು ಹೊರಗೆ ತಳ್ಳಿತು. ಅದರಲ್ಲಿ ದೊಡ್ಡವಳ ಹೆಸರು, ಹೆಸರಿನ ಕೆಳಗೆ ನಂಬರ್, ನಂಬರಿನ ಕೆಳಗೆ ಪಾರ್ಲರಿನಾಕೆಯ ಹೆಸರು. ದೊಡ್ಡವಳು ಅದನ್ನು ಮಡಿಸದೆ, ಸುಕ್ಕಾಗದ ಹಾಗೆ ಪಾಸ್‌ಪೋರ್ಟಿನ ನಡುವೆ ಇಟ್ಟಳು. ಚಿಕ್ಕವಳಿಗೆ ಫೋನ್ ಮಾಡಿ, "ಸಿಕ್ತು ಕಣೇ. ಟ್ರಾಮ್ ತಾತನಿಗೆ ಹೇಳು, ನಾಳೆ ನೋಟರಿ ಹತ್ರ," ಎಂದಳು. ಚಿಕ್ಕವಳು ಲ್ಯಾಬಿನ ಯಂತ್ರಗಳ ಸದ್ದಿನ ನಡುವೆ ಮೂಗು ಎಳೆದುಕೊಂಡು, ಇಬ್ಬರೂ ಏನಾದರೂ ತಿಂದಿರಾ ಎಂದು ಕೇಳಿದಳು.

ಗುರುವಾರ ಶಾಲೆಯಿಂದ ಮಗುವನ್ನು ಕರೆತರುವುದು ಯಾರ ಪಾಲಿಗೆ ಎಂಬುದು ಒಪ್ಪಂದವಾಗಿತ್ತು. ಆದರೂ ಟ್ರಾಮ್ ಇಳಿದು ಪಾರ್ಲರಿನಾಕೆ ಅಂಗಡಿಯ ಕಡೆಗೆ ತಿರುಗಲಿಲ್ಲ. "ಸ್ಕೂಲಿಗೆ ಅಡ್ಡದಾರಿ ನಿಮ್ಗೆ ಗೊತ್ತಿಲ್ಲ," ಎಂದಳು. ಗೊತ್ತಿತ್ತು. ದೊಡ್ಡವಳು ಹೇಳಲಿಲ್ಲ. ಒಂದು ದಿನದ ಮಟ್ಟಿಗೆ ಹೋಗಲಿ ಎಂದುಕೊಂಡಳು.

ಗೇಟಿನ ಹೊರಗೆ ಅಪ್ಪಅಮ್ಮಂದಿರು ನಿಂತಿದ್ದರು. ಒಳಗೆ ಗಂಟೆ ಹೊಡೆಯಿತು. ಬಾಗಿಲು ತೆರೆಯುವ ಮೊದಲೇ ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು ಮುಂದಕ್ಕೆ ಸರಿದಿದ್ದರು, ಒಬ್ಬರನ್ನೊಬ್ಬರು ನೋಡದೆ. ಮಗು ಕಾಣಿಸಿತು: ಒಂದು ಬೂಟಿನ ದಾರ ಬಿಚ್ಚಿ ಎಳೆದಾಡುತ್ತಿತ್ತು, ಕೈಯಲ್ಲಿ ಬಣ್ಣ ಹಚ್ಚಿದ ಹಾಳೆ. ದೊಡ್ಡವಳು ಕೈ ಎತ್ತಿದಳು. ಪಕ್ಕದಲ್ಲಿ ಇನ್ನೊಂದು ಕೈಯೂ ಎದ್ದಿತು. ಈಗ ಯಾರ ಕಡೆಗೆ ಓಡಿಬರುತ್ತದೆ ಎಂದು ಅವಳು ತುದಿಗಾಲಲ್ಲಿ ನಿಂತಳು.

ಮಗು ಇ‌ಬ್ಬರನ್ನೂ ನೋಡಿತು. ಹೆಜ್ಜೆ ನಿಧಾನ ಮಾಡಿತು. ಇಬ್ಬರ ನಡುವಿನ ಜಾಗದಲ್ಲಿ, ಅವರ ಹಿಂದೆ, ಅತ್ತ ಇತ್ತ ಕಣ್ಣಾಡಿಸಿತು.

"ಅಮ್ಮ ಬರ್ಲಿಲ್ವಾ?" ಎಂದಿತು. ಅದರ ಕೆಳತುಟಿ ಮುಂದಕ್ಕೆ ಬಂದಿತ್ತು. "ಇದು ಅಮ್ಮಂಗೆ ಮಾಡಿದ್ದು. ಅಮ್ಮನೇ ಬರ್ಬೇಕಿತ್ತು."

ಹಾಳೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಿತು, ಇವರು ನೋಡಿಬಿಟ್ಟಾರೆಂದು.

ದೊಡ್ಡವಳು ಬಗ್ಗಿ ಬೂಟಿನ ದಾರ ಕಟ್ಟತೊಡಗಿದಳು. ಚಿಕ್ಕವಳ ಮೇಲೆ, ತಾನೇ ಸಾಕಿ ಬೆಳೆಸಿದ ತಂಗಿಯ ಮೇಲೆ, ಎಂದೂ ಇಲ್ಲದ ಹೊಟ್ಟೆಕಿಚ್ಚು ಒಂದು ಗಳಿಗೆ ಸುಳಿದುಹೋಯಿತು. ತಲೆ ಎತ್ತಿದರೆ ಪಾರ್ಲರಿನಾಕೆ ಮಗುವಿನ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಆ ಹಾಳೆಯ ಅಂಚನ್ನೇ ನೋಡುತ್ತ ನಿಂತಿದ್ದಳು, ಸಪ್ಪೆ ಮುಖ ಮಾಡಿಕೊಂಡು.

"ಬನ್ನಿ," ಎಂದಳು ದೊಡ್ಡವಳು, ಆಕೆಗೆ. "ಲ್ಯಾಬಿನ ತನಕ ನಡ್ಕೊಂಡೇ ಹೋಗೋಣ. ಇವಳ ಅಮ್ಮ ಹೊರಗೆ ಬರೋ ಹೊತ್ತಿಗೆ ಸರಿಯಾಗುತ್ತೆ."